ಐದು ಗೆಲುವು, ಏಳು ಸೋಲು

ನವೆಂಬರ್ 9, ಸೋಮವಾರ

ಇವತ್ತು ನನ್ನ ಕೋಣೆ ಕಿತ್ತುಕೊಂಡರು. ಕಿತ್ತುಕೊಂಡರು ಅನ್ನುವುದು ಸ್ವಲ್ಪ ಹೆಚ್ಚಾಯಿತೇನೋ. ಕ್ರೀಡಾ ವಿಭಾಗದ ನಿರ್ದೇಶಕ ಗ್ಲೆನ್ ಫ್ಯಾರೆಲ್ ಬಾಗಿಲಲ್ಲಿ ನಿಂತು ಬಹಳ ವಿನಯದಿಂದಲೇ ಹೇಳಿದರು.

'ಮೇಡಂ, ಎದುರು ಟೀಮ್‌ಗಳ ವಿಡಿಯೊ ನೋಡೋಕೆ ಕೋಚ್‌ಗೆ ಒಂದು ರೂಮ್ ಬೇಕಂತೆ. ನಿಮ್ಗೆ ಕೆಳಗಡೆ ಒಂದು ಮಾಡ್ಕೊಡ್ತೀವಿ. ಬೆಚ್ಚಗಿರುತ್ತೆ.'

ಬೆಚ್ಚಗಿರುವುದು ನಿಜ. ಗೋಡೆಯ ಆ ಕಡೆಯೇ ತಂಡದ ಬಟ್ಟೆ ಒಗೆಯುವ ಯಂತ್ರಗಳಿವೆ. ಹತ್ತೊಂಬತ್ತು ವರ್ಷದಿಂದ ಕೀಲರ್ ಸ್ಟೇಟ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಹುಡುಗರನ್ನು ಹಿಡಿದು ಕೂರಿಸಿ ಓದಿಸುವುದು ನನ್ನ ಕೆಲಸ. ಯಾರು ಯಾವ ತರಗತಿಗೆ ಚಕ್ಕರ್ ಹೊಡೆದರು, ಯಾರ ಪ್ರಬಂಧ ಯಾರದ್ದೋ ಪ್ರಬಂಧದ ಹಾಗಿದೆ, ಎಲ್ಲ ನನಗೆ ಗೊತ್ತು. ಕೋಚ್ ಪೆಂಡಲ್‌ಗೆ ಮಾತ್ರ ನನ್ನ ಹೆಸರು ಗೊತ್ತಿದೆಯೋ ಇಲ್ಲವೋ ಅನುಮಾನ. 'ಪುಸ್ತಕದ ಮೇಡಂ' ಅನ್ನುತ್ತಾರೆ.

ಪೆಟ್ಟಿಗೆಗಳನ್ನು ನಾನೇ ಇಳಿಸಿಕೊಂಡೆ. ಯಂತ್ರ ತಿರುಗುವಾಗ ಮೇಜಿನ ಮೇಲಿನ ಪೆನ್ಸಿಲ್ ತಾನಾಗಿ ಅಂಚಿಗೆ ಉರುಳುತ್ತದೆ.

ನವೆಂಬರ್ 10, ಮಂಗಳವಾರ

ಮಂಗಳವಾರದ ಊಟ ಇಂಗ್ರಿಡ್ ಜೊತೆ. ಅವಳು ರಸಾಯನಶಾಸ್ತ್ರದ ಪ್ರೊಫೆಸರ್. ಹತ್ತೊಂಬತ್ತು ವರ್ಷದಿಂದ ಅದೇ ಹೋಟೆಲು, ಅದೇ ಟೊಮ್ಯಾಟೊ ಸೂಪು, ಅದೇ ಬೈಗುಳ.

'ಬಿಡೆ ಯೂನಿಸ್, ಸೋಪಿನ ವಾಸನೆ ಬೆವರಿನ ವಾಸನೆಗಿಂತ ಎಷ್ಟೋ ವಾಸಿ' ಅಂದಳು.

'ಮುಂದಿನ ವರ್ಷ ನನ್ನ ಹುದ್ದೇನೂ ಇರುತ್ತೋ ಇಲ್ವೋ. ಲೈಬ್ರರಿ ಜೊತೆ ಸೇರಿಸ್ತಾರಂತೆ.'

'ಪಂದ್ಯ ಸೋತ್ರೆ ಕೋಚ್‌ನ ತೆಗೀಬೇಕು. ನಿನ್ನ ಯಾಕ್ ತೆಗೀತಾರೆ?'

'ನಾನು ಅಗ್ಗ ಅಲ್ವಾ.'

ನಕ್ಕೆವು. ನಕ್ಕದ್ದು ಒಳ್ಳೆಯದಾಯಿತು.

ನವೆಂಬರ್ 27, ಶುಕ್ರವಾರ

ಸೋತರು. 31–10. ಹಬ್ಬದಲ್ಲಿ ಉಳಿದ ಟರ್ಕಿ ಮಾಂಸವನ್ನು ಬ್ರೆಡ್ಡಿನೊಳಗೆ ತುರುಕಿಕೊಂಡು ರೇಡಿಯೊ ಕೇಳಿದೆ. ಆಟದ ಮೇಲಿನ ಆಸೆಗಲ್ಲ, ಸೋಮವಾರ ಹುಡುಗರ ಮುಖ ಹೇಗಿರುತ್ತದೆ ಎಂದು ಮೊದಲೇ ತಿಳಿದಿರಲಿ ಎಂದು.

ಅಲ್ಲಿಗೆ ಹನ್ನೆರಡು ಪಂದ್ಯ ಮುಗಿದವು. ಐದು ಗೆಲುವು, ಏಳು ಸೋಲು. ಆರು ಗೆದ್ದಿದ್ದರೆ ವರ್ಷದ ಕೊನೆಗೆ ಬಹುಮಾನದ ಹಾಗೆ ಕೊಡುವ ಬೌಲ್ ಪಂದ್ಯ ಸಿಗುತ್ತಿತ್ತು. ಅಂದರೆ ಡಿಸೆಂಬರಿನಲ್ಲಿ ಎಲ್ಲೋ ಬಿಸಿಲಿರುವ ಊರಿಗೆ ವಿಮಾನ, ಹೋಟೆಲು, ಟಿವಿ, ಅದಕ್ಕೆ ಮೂರು ವಾರದ ಅಭ್ಯಾಸ, ಸರಿಯಾಗಿ ಪರೀಕ್ಷೆಯ ನೆತ್ತಿಯ ಮೇಲೆ. ಐದಕ್ಕೆ ನಿಂತರೆ ಏನೂ ಇಲ್ಲ. ಹುಡುಗರು ಅಳುತ್ತಾರೆ, ಕೋಚ್ ಮನೆಗೆ ಹೋಗುತ್ತಾರೆ, ಪುಸ್ತಕಗಳು ತೆರೆದುಕೊಳ್ಳುತ್ತವೆ.

ದೇವರು ದೊಡ್ಡವನು. ಈ ವರ್ಷ ಪರೀಕ್ಷೆ ಪರೀಕ್ಷೆಯ ಹಾಗೆ ನಡೆಯುತ್ತದೆ.

ನವೆಂಬರ್ 30, ಸೋಮವಾರ

ಗ್ಲೆನ್ ನನ್ನ ನೆಲಮಾಳಿಗೆಗೆ ಬಂದರು. ಬರಿಗೈಯಲ್ಲಲ್ಲ, ಎರಡು ಲೋಟ ಕಾಫಿ ಹಿಡಿದು. ಕೂರಲು ಇದ್ದದ್ದು ಟವೆಲಿನ ಬುಟ್ಟಿಯೊಂದೇ. ಅದನ್ನೇ ಬೋರಲು ಹಾಕಿ ಕೂತರು.

'ಮೇಡಂ, ನಮ್ ಹುಡುಗ್ರದ್ದು ಓದಿನ ಅಂಕ ಇದ್ಯಲ್ಲ, ಸಾವಿರಕ್ಕೆ ಹಾಕ್ತಾರಲ್ಲ, ಅದೆಷ್ಟಿದೆ?'

'978.'

'ಅದು ಒಳ್ಳೇದಾ ಕೆಟ್ಟದ್ದಾ?'

ಪ್ರತಿ ವರ್ಷ ಆ ವರದಿಗೆ ಸಹಿ ಹಾಕುವವರು ಅವರೇ. ಒಳ್ಳೆಯದು ಅಂದೆ. ಯಾಕೆ ಅಂತ ಕೇಳಿದೆ.

ವಿಷಯ ಇಷ್ಟು. ದೇಶದಲ್ಲಿ ಬೌಲ್ ಪಂದ್ಯಗಳು ನಾಯಿಕೊಡೆಯ ಹಾಗೆ ಹುಟ್ಟಿಕೊಂಡು ಈಗ ನಲವತ್ತಾಗಿವೆ. ಎಂಬತ್ತು ತಂಡ ಬೇಕು. ಆರು ಗೆದ್ದ ತಂಡಗಳು ಎಪ್ಪತ್ತೇಳೇ ಇವೆ. ಹಾಗಾಗಿ ಮೂರು ಜಾಗಕ್ಕೆ ಐದೇ ಗೆದ್ದವರನ್ನು ಕರೆಯಬೇಕು. ಅವರಲ್ಲಿ ಯಾರು ಎನ್ನುವುದಕ್ಕೆ ಗೆಲುವು ನೋಡುವುದಿಲ್ಲ, ಓದಿನ ಅಂಕ ನೋಡುತ್ತಾರೆ.

'ಅಂದ್ರೆ ಸೋತವರಲ್ಲಿ ಚೆನ್ನಾಗಿ ಓದೋರು' ಅಂದೆ.

'ಹಂಗೇ ಅಂದ್ಕೊಳ್ಳಿ.' ಲೋಟ ನನ್ನ ಕಡೆ ತಳ್ಳಿ, 'ಸಕ್ಕರೆ ಎಷ್ಟು ಬೇಕು ಅಂತ ಗೊತ್ತಿರ್ಲಿಲ್ಲ' ಅಂದರು.

ಇಂಗ್ರಿಡ್‌ಗೆ ಫೋನು ಮಾಡಿ ಹೇಳಿದೆ. ಅವಳು ಎಷ್ಟು ನಕ್ಕಳೆಂದರೆ ಕೊನೆಗೆ ಕೆಮ್ಮು ಹತ್ತಿತು.

ಡಿಸೆಂಬರ್ 2, ಬುಧವಾರ

ಕಾನ್ಫರೆನ್ಸ್ ಕಚೇರಿಯ ವಾಲ್ಟ್ ಡೆನ್ನಿಸ್ಟನ್ ಫೋನಿನಲ್ಲಿ ಸಿಕ್ಕಿದರು. ಗ್ಲೆನ್, ಕೋಚ್, ನಾನು ಮೂವರೂ ಸ್ಪೀಕರ್ ಸುತ್ತ ಕೂತೆವು. ಅಂಕದ ಪ್ರಶ್ನೆ ಬಂದರೆ ಉತ್ತರ ಹೇಳಲು ನಾನಿರಬೇಕಂತೆ.

ಕಾನ್ಫರೆನ್ಸ್ ಅಂದರೆ ನಮ್ಮ ಹನ್ನೆರಡು ಯೂನಿವರ್ಸಿಟಿಗಳ ಕೂಟ. ಅದು ಐದು ಬೌಲ್‌ಗಳ ಜೊತೆ ಕರಾರು ಮಾಡಿಕೊಂಡಿದೆ. ಚಾಂಪಿಯನ್ ತಂಡ ಮೊದಲನೆಯದಕ್ಕೆ. ಎರಡನೆಯ ಬೌಲ್‌ನವರು ಉಳಿದವರಲ್ಲಿ ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತಾರೆ. ಮಿಕ್ಕವರನ್ನು ಎಲ್ಲಿ ಕೂರಿಸಬೇಕು ಎಂದು ವಾಲ್ಟ್ ತೀರ್ಮಾನಿಸುತ್ತಾರೆ. ಹೋದ ವರ್ಷ ಹೋದ ಊರಿಗೇ ಮತ್ತೆ ಕಳಿಸಬಾರದು, ಸೆಪ್ಟೆಂಬರಿನಲ್ಲಿ ಆಡಿದವರ ಎದುರಿಗೇ ಮತ್ತೆ ನಿಲ್ಲಿಸಬಾರದು, ಯಾರ ಅಭಿಮಾನಿಗಳು ಬಸ್ಸಿನಲ್ಲಿ ಬರುತ್ತಾರೆ, ಯಾರ ಕಡೆಯವರು ಮನೆಯಲ್ಲೇ ಟಿವಿ ನೋಡುತ್ತಾರೆ, ಎಲ್ಲ ಲೆಕ್ಕ. ಮದುವೆಯಲ್ಲಿ ಯಾವ ನೆಂಟರನ್ನು ಯಾವ ಮೇಜಿಗೆ ಹಾಕಬೇಕು ಎಂದು ನನ್ನ ಚಿಕ್ಕಮ್ಮ ವಾರಗಟ್ಟಲೆ ಕೊರಗುತ್ತಿದ್ದಳು. ಹೆಚ್ಚುಕಡಿಮೆ ಅದೇ.

ಈ ಸಲ ನಮ್ಮ ಕೂಟದಲ್ಲಿ ಆರು ಗೆದ್ದವರು ನಾಲ್ಕೇ ತಂಡ. ಐದನೆಯ ಜಾಗ ಖಾಲಿ. ಅದು ದಕ್ಷಿಣದ ಪೋರ್ಟ್ ಲಾವಲ್ ಊರಿನ 'ಡೀಪ್‌ನ್ಯಾಪ್ ಹಾಸಿಗೆ ಬೌಲ್'.

'ಆದ್ರೆ ಹಾಸಿಗೆಯವರು ಹಾರ್ಲನ್ ಟೆಕ್ ಕೇಳ್ತಿದಾರೆ' ಅಂದರು ವಾಲ್ಟ್. 'ಅವ್ರೂ ಐದೇ ಗೆದ್ದಿರೋದು. ಆದ್ರೆ ಅವ್ರ ಹಿಂದೆ ಹದಿನೈದು ಸಾವಿರ ಜನ ಹೊರಡ್ತಾರೆ. ನಿಮ್ಮ ಹಿಂದೆ ಎಷ್ಟು ಜನ ಬರ್ತಾರೆ ಗ್ಲೆನ್?'

ಗ್ಲೆನ್ ಕೋಚ್ ಮುಖ ನೋಡಿದರು. ಕೋಚ್ ಚಾವಣಿ ನೋಡಿದರು.

'ನನ್ ಹೆಂಡ್ತಿ ಬರ್ತಾಳೆ' ಅಂದರು ಕೋಚ್.

'ನೋಡಿ, ಬೌಲ್‌ನೋರಿಗೆ ಓದೋರು ಬೇಡ, ಟಿಕೆಟ್ ತಗೊಳ್ಳೋರು ಬೇಕು.'

ಆಗ ನಾನು ಬಾಯಿ ಹಾಕಿದೆ. 'ಹಾರ್ಲನ್ ಟೆಕ್ ಅಂಕ 976. ನಮ್ಮದು 978. ನಮಗಿಂತ ಮುಂದಿರೋದು ಎರಡೇ ತಂಡ. ಅಂಕದ ಸಾಲು ಮುರಿಯೋ ಹಾಗಿಲ್ಲ ಅಂತ ನಿಯಮದಲ್ಲೇ ಇದೆ. ಓದಿ ಹೇಳ್ಲಾ?'

ಓದಿ ಹೇಳಿದೆ. 

'ಯಾರು ಮಾತಾಡ್ತಿರೋದು?' ಅಂದರು ವಾಲ್ಟ್.

'ಯೂನಿಸ್ ಬ್ರಾಂಡ್ಟ್' ಅಂದರು ಕೋಚ್ ಪೆಂಡಲ್. ಹೆಸರು ಗೊತ್ತಿತ್ತು ಅಂತಾಯಿತು.

ಆದರೆ ಒಂದು ತೊಡಕು. ಕೋಲ್ಟನ್ ಸ್ಟೇಟ್ ಎನ್ನುವವರೂ ಐದು ಗೆದ್ದು, ಶನಿವಾರ ಇನ್ನೊಂದು ಪಂದ್ಯ ಉಳಿಸಿಕೊಂಡಿದ್ದಾರೆ. ಗೆದ್ದರೆ ಆರು. ಆಗ ಖಾಲಿ ಜಾಗ ಎರಡೇ, ನಾವು ಹೊರಗೆ.

ಡಿಸೆಂಬರ್ 5, ಶನಿವಾರ

ಕೋಲ್ಟನ್ ಪಂದ್ಯವನ್ನು ನನ್ನ ಹಳೆಯ ಕೋಣೆಯಲ್ಲೇ ದೊಡ್ಡ ಪರದೆಯ ಮೇಲೆ ನೋಡಿದೆವು. ಕೋಚ್ ಕಡೆಯವರೆಲ್ಲ ಇದ್ದರು. ನನಗೂ ಒಂದು ಕುರ್ಚಿ ಹಿಡಿದಿಟ್ಟಿದ್ದರು. ಒಂದು ತಟ್ಟೆ ತುಂಬ ಖಾರದ ಕೋಳಿ ರೆಕ್ಕೆ.

ಕೊನೆಯ ಎಂಟು ಸೆಕೆಂಡು. ಕೋಲ್ಟನ್‌ನವರು ಒಂದು ಪಾಯಿಂಟ್ ಹಿಂದೆ. ಅವರ ಹುಡುಗ ಚೆಂಡನ್ನು ಒದ್ದು ಕಂಬಗಳ ಮಧ್ಯೆ ಕಳಿಸಿದರೆ ಗೆಲುವು. ತೆಳ್ಳಗಿನ ಹುಡುಗ, ಮೀಸೆ ಈಗಷ್ಟೇ ಬರುತ್ತಿದೆ. ಒದ್ದ. ಚೆಂಡು ಬಲಗಡೆಯ ಕಂಬಕ್ಕೆ ಬಡಿದು ಹೊರಗೆ ಬಿತ್ತು.

ಕೋಣೆಯಲ್ಲಿದ್ದವರೆಲ್ಲ ಎದ್ದು ಕುಣಿದರು. ಪರದೆಯ ಮೇಲೆ ಆ ಹುಡುಗನನ್ನು ಮತ್ತೆ ಮತ್ತೆ ತೋರಿಸಿದರು. ಹೆಲ್ಮೆಟ್ ಕೂಡ ತೆಗೆಯದೆ ಹುಲ್ಲಿನ ಮೇಲೆ ಮೊಣಕಾಲೂರಿ ಕೂತಿದ್ದ, ಭುಜ ಅಲುಗುತ್ತಿತ್ತು. ಕೋಚ್ ಪೆಂಡಲ್ ನನ್ನ ಕೈ ಹಿಡಿದು ಕುಲುಕಿದರು.

ರೆಕ್ಕೆಗಳು ಚೆನ್ನಾಗಿದ್ದವು. ಆರು ತಿಂದೆ.

ಡಿಸೆಂಬರ್ 6, ಭಾನುವಾರ

ಮಧ್ಯಾಹ್ನ ಒಂದೂವರೆಗೆ ವಾಲ್ಟ್ ಫೋನು ಮಾಡಿದರು, ಮೂವರೂ ಮತ್ತೆ ಸ್ಪೀಕರ್ ಸುತ್ತ ಕೂತೆವು. ಹಾಸಿಗೆ ನಮ್ಮದೇ.

ಸುಲಭವಾಗಿ ಆಗಲಿಲ್ಲವಂತೆ. ಎರಡನೆಯ ಬೌಲ್‌ನವರು ಕೇಳಿದ ತಂಡ ಹೋದ ವರ್ಷವೂ ಅಲ್ಲಿಗೇ ಹೋಗಿತ್ತು. ಅದನ್ನು ಮೂರನೆಯದಕ್ಕೆ ಸರಿಸಿದರೆ ಎದುರಾಳಿ ಸೆಪ್ಟೆಂಬರಿನಲ್ಲಿ ಆಡಿದವರೇ. ಹಾಗಾಗಿ ನಾಲ್ಕನೆಯದಕ್ಕೆ. ಎಂಟು ಗೆದ್ದ ಆ ತಂಡ ಹಿಮ ಬೀಳುವ ಊರಿಗೆ ಹೊರಟಿದೆ. ಐದು ಗೆದ್ದ ನಾವು ಸಮುದ್ರದ ದಡಕ್ಕೆ.

'ಇದರಲ್ಲಿ ನ್ಯಾಯ ಎಲ್ಲಿದೆ ಅಂತ ಆ ಎಂಟು ಗೆದ್ದವ್ರ ಕೋಚ್ ಕೇಳ್ತಿದಾನೆ' ಅಂದರು ವಾಲ್ಟ್.

'ಅವರ ಅಂಕ ಎಷ್ಟು ಕೇಳಿ' ಅಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಡಿಸೆಂಬರ್ 7, ಸೋಮವಾರ

ಎರಡನೆಯ ಮಹಡಿಯಲ್ಲಿ ಕೋಣೆ ಕೊಟ್ಟರು. ಎರಡು ಕಿಟಕಿ. ಲೈಬ್ರರಿ ಜೊತೆ ಸೇರಿಸುವ ಮಾತು ಈಗ ಯಾರ ಬಾಯಲ್ಲೂ ಇಲ್ಲ. ತಂಡದ ಜಾಕೆಟ್ಟನ್ನೂ ಕೊಟ್ಟರು, ಬೆನ್ನಿನ ಮೇಲೆ ತಂಡದ ಗುರುತಾದ ಬೂದು ಕೊಕ್ಕರೆ. ಹೊರಗೆ ಚಳಿ ಇರುವುದರಿಂದ ಹಾಕಿಕೊಂಡಿದ್ದೇನೆ.

ಸಂಜೆ ಹುಡುಗರನ್ನೆಲ್ಲ ಸೇರಿಸಿ ಕೋಚ್ ಹೇಳಿದರು: 'ನಾವು ಐದು ಗೆದ್ವಿ. ಆರನೇದು ಇವ್ರು ಗೆದ್ದಿದ್ದು.' ನನ್ನ ಕಡೆ ಕೈ ತೋರಿಸಿದರು. ಎಂಬತ್ತೈದು ಹುಡುಗರು ಎದ್ದು ಚಪ್ಪಾಳೆ ತಟ್ಟಿದರು. ಎಷ್ಟು ಹೊತ್ತು ಎಂದು ನಾನೇನೂ ನೋಡಲಿಲ್ಲ. ಇಪ್ಪತ್ತೆರಡು ಸೆಕೆಂಡು ಇರಬಹುದು.

ಡಿಸೆಂಬರ್ 8, ಮಂಗಳವಾರ

ಬೌಲ್ ಹತ್ತೊಂಬತ್ತಕ್ಕೆ. ವಿಮಾನ ಹದಿನಾರರ ಬೆಳಿಗ್ಗೆ. ಇಂಗ್ರಿಡ್‌ಳ ರಸಾಯನಶಾಸ್ತ್ರದ ಪರೀಕ್ಷೆಯೂ ಹದಿನಾರರ ಬೆಳಿಗ್ಗೆ. ಊಟಕ್ಕೆ ಹೋದಾಗ ಹೇಳಿದೆ.

'ಹದಿಮೂರೇ ಹುಡುಗ್ರು ಕಣೆ. ಅವರಿಗೆ ಮಾತ್ರ ಜನವರಿಗೆ ಹಾಕು.'

ಅವಳು ಸೂಪಿನ ಚಮಚ ಕೆಳಗಿಟ್ಟಳು. 'ಇದನ್ನೇ ಕೇಳೋಕೆ ಬರ್ತಿದ್ದೋರ್ನ ನಾವಿಬ್ರೂ ಇಲ್ಲೇ ಕೂತು ಬೈತಿದ್ವಿ.'

'ಅದು ಬೇರೆ.'

'ಏನ್ ಬೇರೆ?'

'ಅವರಿಗೆ ಓದಿನ ಬೆಲೆ ಗೊತ್ತಿರ್ಲಿಲ್ಲ. ನಾವು ಹೋಗ್ತಿರೋದೇ ಓದಿನಿಂದ.'

'"ನಾವು" ಅಂದ್ಯಲ್ಲ, ಯಾರೇ ಅದು?'

 ಅವಳು ಸೂಪು ಅರ್ಧಕ್ಕೇ ಬಿಟ್ಟು ಎದ್ದಳು. ಇಂಗ್ರಿಡ್‌ಗೆ ಮೊದಲಿನಿಂದಲೂ ಸ್ವಲ್ಪ ಹಟ. ಪ್ರಯೋಗಾಲಯದಲ್ಲೇ ಬದುಕುವವರಿಗೆ ಹೊರಗೆ ಏನಾಗುತ್ತಿದೆ ಎಂದು ತಿಳಿಯುವುದಿಲ್ಲ.

ಡೀನ್ ಬಳಿ ಹೋದೆ. ಎರಡು ನಿಮಿಷದ ಕೆಲಸ. ಪರೀಕ್ಷೆ ಜನವರಿ ಏಳಕ್ಕೆ.

ಡಿಸೆಂಬರ್ 10, ಗುರುವಾರ

ಡೆಮೆಟ್ರಿಯಸ್ ಫೌಲ್ಕ್ಸ್ ಬಂದಿದ್ದ. ನೂರಮೂವತ್ತೈದು ಕಿಲೊ ಹುಡುಗ, ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ಬರಬೇಕು. ನಮ್ಮ ತಂಡದಲ್ಲಿ ಚೆಂಡೆಸೆಯುವ ಹುಡುಗ ಕೋಡಿಯ ಎಡಗಡೆ ಗೋಡೆಯ ಹಾಗೆ ನಿಂತು, ನುಗ್ಗಿ ಬರುವವರನ್ನು ತಡೆಯುವುದು ಇವನ ಕೆಲಸ. ಓದುತ್ತಿರುವುದು ನರ್ಸಿಂಗ್. ಎರಡು ವರ್ಷದ ಹಿಂದೆ ಓದು ಬಿಟ್ಟು ಊರಿಗೆ ಹೊರಟಿದ್ದ. ಬಸ್ ನಿಲ್ದಾಣಕ್ಕೇ ಹೋಗಿ ಹಿಡಿದೆ. ಎರಡು ಗಂಟೆ ಮಾತಾಡಿ, ಹುಷಾರಿಲ್ಲದ ಅಜ್ಜಿಯನ್ನು ಇವನು ಹೇಗೆ ನೋಡಿಕೊಳ್ಳುತ್ತಿದ್ದ ಎಂದು ಅವನ ಬಾಯಿಂದಲೇ ಕೇಳಿ, ನರ್ಸಿಂಗಿಗೆ ಸೇರಿಸಿದ್ದು ನಾನೇ. ಅವನಂಥ ಒಬ್ಬಿಬ್ಬರು ಬಿಟ್ಟುಹೋಗಿದ್ದರೆ 978 ಆಗುತ್ತಲೇ ಇರಲಿಲ್ಲ.

'ಮಿಸ್, ನಾನು ಬೌಲ್‌ಗೆ ಬರಕ್ಕಾಗಲ್ಲ' ಅಂದ.

ಹದಿನಾಲ್ಕರಿಂದ ಹತ್ತೊಂಬತ್ತರವರೆಗೆ ಮಕ್ಕಳ ವಾರ್ಡಿನಲ್ಲಿ ನಲವತ್ತು ಗಂಟೆ ಕೆಲಸ ಮಾಡಬೇಕಂತೆ. ತಪ್ಪಿದರೆ ನರ್ಸಿಂಗಿನ ಮುಂದಿನ ಹಂತಕ್ಕೆ ಜನವರಿಯಲ್ಲಿ ಸಿಗಬೇಕಾದ ಸೀಟು ಹೋಗುತ್ತದೆ, ಮತ್ತೆ ಒಂದು ವರ್ಷ ಕಾಯಬೇಕು.

ಯೋಚಿಸಿ ಹೇಳಿದೆ. 'ಒಂದು ವರ್ಷ ತಾನೆ? ಆಸ್ಪತ್ರೆ ಎಲ್ಲೂ ಓಡಿಹೋಗಲ್ಲ. ಬೌಲ್ ಮತ್ತೆ ಬರುತ್ತೋ ಇಲ್ವೋ. ನಿನ್ನ ನಂಬ್ಕೊಂಡು ಎಂಬತ್ನಾಲ್ಕು ಜನ ಇದಾರೆ.'

ಅವನು ನನ್ನ ಜಾಕೆಟ್ ನೋಡಿದ, ಆಮೇಲೆ ನನ್ನನ್ನು ನೋಡಿದ. 'ಕೋಚ್ ಹೇಳ್ಸಿದ್ರಾ ಮಿಸ್?'

'ಇಲ್ಲ. ನಾನೇ ಹೇಳ್ತಿದೀನಿ.'

'ಕೋಚ್‌ನ ನಿನ್ನೇನೇ ಕೇಳ್ದೆ. "ಹೋಗಪ್ಪ, ನಮ್ಮಮ್ಮಾನೂ ನರ್ಸೇ ಆಗಿದ್ಲು" ಅಂದ್ರು. ನಿಮ್ಗೆ ಖುಷಿ ಆಗುತ್ತೆ ಅಂತ ಹೇಳೋಕ್ ಬಂದೆ.'

 ಆಮೇಲೆ ಅವನು ಓರೆಯಾಗಿ ಬಾಗಿಲು ದಾಟಿ ಹೋದ.

ಕೋಚ್ ಪೆಂಡಲ್ ಇಷ್ಟು ಮೆತ್ತಗಿದ್ದರೆ ಏಳು ಸೋಲದೆ ಇನ್ನೇನು?

ಡಿಸೆಂಬರ್ 11, ಶುಕ್ರವಾರ

ನರ್ಸಿಂಗ್ ವಿಭಾಗಕ್ಕೆ ಫೋನು ಮಾಡಿ ಡೆಮೆಟ್ರಿಯಸ್‌ಗೆ ವಿನಾಯಿತಿ ಕೇಳಿದೆ. ಅವನ ಒಳ್ಳೆಯದಕ್ಕೇ, ಹಾಗಾಗಿ ಅವನಿಗೆ ಹೇಳಲಿಲ್ಲ. ಆ ಹೆಂಗಸು, 'ಮಕ್ಕಳ ಕಾಯಿಲೇನ ಜನವರಿಗೆ ಹಾಕಕ್ಕಾಗಲ್ಲ ಮೇಡಂ' ಅಂದಳು. ಒರಟು ಜನ.

ಡಿಸೆಂಬರ್ 15, ಮಂಗಳವಾರ

ಊಟಕ್ಕೆ ಪುರುಸೊತ್ತಾಗಲಿಲ್ಲ. ಇಂಗ್ರಿಡ್ ಕೂಡ ಫೋನು ಮಾಡಲಿಲ್ಲ.

ಡಿಸೆಂಬರ್ 17, ಗುರುವಾರ

ಪೋರ್ಟ್ ಲಾವಲ್. ಬಿಸಿಲು. ಜಾಕೆಟ್ ಸೆಖೆಯಾಗುತ್ತದೆ, ಆದರೂ ತೆಗೆಯಲು ಮನಸ್ಸಿಲ್ಲ. ಹಾಸಿಗೆ ಕಂಪನಿಯವರು ಎಲ್ಲರಿಗೂ ಒಂದೊಂದು ದಿಂಬು ಕೊಟ್ಟರು. ಬೌಲ್‌ನ ಅಧ್ಯಕ್ಷರು ಸ್ವಾಗತ ಭಾಷಣದಲ್ಲಿ 'ವಿದ್ಯೆಗೆ ಸಂದ ಗೌರವ' ಎಂದು ಮೂರು ಸಲ ಹೇಳಿದರು. ಮೂರು ಸಲವೂ ನಮ್ಮ ಯೂನಿವರ್ಸಿಟಿಯ ಹೆಸರು ತಪ್ಪಾಗಿ ಹೇಳಿದರು.

ಹುಡುಗರಿಗೆ ಪುಸ್ತಕ ತನ್ನಿ ಎಂದು ಹೇಳುವುದು ಮರೆತೇಹೋಯಿತು. ಇರಲಿ, ಅವರಿಗೂ ವಿಶ್ರಾಂತಿ ಬೇಕಲ್ಲ. ಮಧ್ಯಾಹ್ನ ಎಲ್ಲರೂ ಸಿಗಡಿ ತಿಂದೆವು.

ಡಿಸೆಂಬರ್ 19, ಶನಿವಾರ

44–13.

ನಲವತ್ತು ಸಾವಿರ ಕುರ್ಚಿಯ ಸ್ಟೇಡಿಯಂ. ನಮ್ಮ ಕಡೆ ಮುನ್ನೂರು ಜನ ಇದ್ದರೇನೋ, ಅದರಲ್ಲಿ ಬ್ಯಾಂಡಿನವರೇ ನೂರಿಪ್ಪತ್ತು. ಕೋಡಿ ಒಂಬತ್ತು ಸಲ ನೆಲ ಕಚ್ಚಿದ, ಒಂಬತ್ತೂ ಎಡಗಡೆಯಿಂದ. ಡೆಮೆಟ್ರಿಯಸ್ ಜಾಗದಲ್ಲಿ ನಿಂತ ಹುಡುಗ ಪ್ರತಿ ಸಲವೂ ಒಂದು ಹೆಜ್ಜೆ ತಡ. ನನಗೂ ಕಾಣುತ್ತಿತ್ತು, ಯಾರಿಗಾದರೂ ಕಾಣುತ್ತಿತ್ತು. ಕಾಲು ಸರಿಸು, ಕಾಲು ಸರಿಸು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಹಿಂತಿರುಗಿ, 'ಅವನು ನನ್ನ ಮಗ ಕಣ್ರೀ, ಸ್ವಲ್ಪ ಮೆತ್ತಗೆ ಬೈಯ್ರಿ' ಅಂದಳು. ಮೆತ್ತಗೆ ಬೈದರೆ ಮೈದಾನಕ್ಕೆ ಕೇಳಿಸುತ್ತದೆಯೇ?

ಮುಗಿದ ಮೇಲೆ ಕೋಚ್ ನನ್ನ ಹತ್ತಿರ ಬಂದು ನಿಂತರು. ಹುಡುಗರೆಲ್ಲ ಸಮುದ್ರದ ಕಡೆ ಓಡುತ್ತಿದ್ದರು, ನಗುತ್ತಿದ್ದರು.

'ಯಾಕೆ ಅಳ್ತಿದೀರಾ ಯೂನಿಸ್? ಒಂದು ಆಟ ಅಷ್ಟೆ' ಅಂದರು.

ಅಳುತ್ತಿರಲಿಲ್ಲ. ಉಪ್ಪುಗಾಳಿ. ಗಂಟಲೂ ಕಟ್ಟಿದೆ, ಹೋಟೆಲಿನ ಏಸಿ ಇರಬೇಕು.

ಜನವರಿ 7, ಗುರುವಾರ

ಮುಂದೂಡಿದ್ದ ಪರೀಕ್ಷೆ ನಡೆಯಿತು. ಹದಿಮೂರರಲ್ಲಿ ಇಬ್ಬರು ಬರಲೇ ಇಲ್ಲ. ರಜೆ ಮುಗಿದಿದೆ ಎಂದು ಗೊತ್ತಿರಲಿಲ್ಲವಂತೆ.

ಜನವರಿ 12, ಮಂಗಳವಾರ

ಬರೆದ ಹನ್ನೊಂದರಲ್ಲಿ ಒಂಬತ್ತು ಜನ ಫೇಲು. ಇಂಗ್ರಿಡ್ ಫಲಿತಾಂಶದ ಹಾಳೆಯನ್ನು ಕವರಿನಲ್ಲಿ ಹಾಕಿ ಕಳಿಸಿದ್ದಾಳೆ, ಜೊತೆಗೆ ಒಂದು ಸಾಲು ಕೂಡ ಬರೆದಿಲ್ಲ. ಬೇಕೆಂದೇ ಕಷ್ಟದ ಪ್ರಶ್ನೆ ಹಾಕಿರಬೇಕು. ಈ ವರ್ಷದ ಅಂಕ 978 ಅಂತೂ ಇರುವುದಿಲ್ಲ.

ಮಧ್ಯಾಹ್ನ ಡೆಮೆಟ್ರಿಯಸ್ ಬಂದ. ಎಲ್ಲದರಲ್ಲೂ ಎ. ಜನವರಿಯ ಸೀಟು ಸಿಕ್ಕಿದೆ. ಅಂಕಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದಿದ್ದ. ನಾನು ಕೂತುಕೋ ಅನ್ನಲಿಲ್ಲ, ಕುರ್ಚಿಯ ಮೇಲೆ ವಿಡಿಯೊ ಡಬ್ಬಿಗಳಿದ್ದವು.

'ವಾರ್ಡಲ್ಲಿ ಮಕ್ಳ ಜೊತೆ ಪಂದ್ಯ ನೋಡಿದ್ವಿ ಮಿಸ್' ಅಂದ. 'ಒಂದು ಪಾಪು ಕೇಳ್ತು, ಇದ್ರಲ್ಲಿ ನೀನೆಲ್ಲಿದೀಯ ಅಂತ. ಕೋಡಿ ಪಕ್ಕ ತೂತು ಕಾಣ್ತಿದ್ಯಲ್ಲ, ಅದೇ ನಾನು ಅಂದೆ. ಎಷ್ಟು ನಕ್ತು ಗೊತ್ತಾ. ಎರಡು ದಿನದಿಂದ ನಕ್ಕಿರ್ಲಿಲ್ವಂತೆ ಅದು.'

'ಒಂಬತ್ತು ಸಲ ಬಿದ್ದ ಕೋಡಿ' ಅಂದೆ.

'ನೋಡ್ದೆ ಮಿಸ್.' ಅಂಕಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡ. 'ನಿಮ್ ಗಂಟ್ಲು ಕಟ್ಟಿತ್ತು ಅಂತ ಹುಡುಗ್ರು ಹೇಳಿದ್ರು, ವಾಸಿ ಆಯ್ತಾ? ಉಪ್ಪುನೀರು ಮುಕ್ಕಳಿಸಿ, ಬೆಳಿಗ್ಗೆ ಸಂಜೆ.'

ಒಳ್ಳೆಯ ಹುಡುಗ. ಆದರೆ ತಂಡ ಅಂದರೇನು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಸಂಜೆ ವಾಲ್ಟ್ ಫೋನು ಮಾಡಿದ್ದರು. ಈಗ ನೇರ ನನಗೇ ಮಾಡುತ್ತಾರೆ. ಮುಂದಿನ ವರ್ಷ ನಮ್ಮ ಕಾನ್ಫರೆನ್ಸಿಗೆ ಆರನೆಯ ಬೌಲ್ ಕರಾರು ಸಿಗುವ ಹಾಗಿದೆಯಂತೆ. ಪಂದ್ಯಗಳ ಪಟ್ಟಿ ತರಿಸಿಕೊಂಡು ಪೆನ್ಸಿಲ್ ಹಿಡಿದು ಕೂತೆ. ಸೆಪ್ಟೆಂಬರಿನ ಮೂರು ತಂಡ ತೀರಾ ಪೀಚಲು, ಅಕ್ಟೋಬರಿನಲ್ಲಿ ಎರಡು, ನವೆಂಬರಿನಲ್ಲಿ ಹೇಗೋ ಒಂದು. ಡೆಮೆಟ್ರಿಯಸ್ ಜಾಗಕ್ಕೆ ಒಬ್ಬ ಗಟ್ಟಿ ಹುಡುಗ ಸಿಕ್ಕರೆ ಆರು ಗೆಲ್ಲುವುದು ಕಷ್ಟವೇನಲ್ಲ.

ಆರು ಗೆದ್ದುಬಿಟ್ಟರೆ ಸಾಕು. ಆಮೇಲೆ ಈ ಓದಿನ ಗೋಜೇ ಬೇಕಾಗಿಲ್ಲ.